ಬೆಚ್ಚಗಿನ ನೀರು

"ಗುರುಗಳೇ, ಜೊತೆಯಲ್ಲಿರುವವರ ಮೇಲೆ ಅನುಮಾನ ಬಂದರೆ ಪರೀಕ್ಷಿಸಿ ನೋಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದ. ಅವನ ಕೊಟ್ಟಿಗೆಯಲ್ಲಿ ಹಾಲಿನ ಕ್ಯಾನುಗಳನ್ನೂ ಹಾಲು ಕರೆಯುವ ಯಂತ್ರದ ಕೊಳವೆಗಳನ್ನೂ ನೀಲವ್ವ ಎಂಬ ಹೆಂಗಸು ತೊಳೆಯುತ್ತಿದ್ದಳು. ಅದಕ್ಕೆಂದು ದಿನವೂ ಸೌದೆ ಒಟ್ಟಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದಳು.

ಹಾಲನ್ನು ತಂಪು ಮಾಡುವ ಯಂತ್ರ ಹೊರಗೆ ಬಿಸಿ ಬಿಡುವುದನ್ನು ರೈತ ಗಮನಿಸಿದ. ಆ ಬಿಸಿಯಿಂದಲೇ ನೀರು ಕಾಯುವಂತೆ ಒಂದು ಟ್ಯಾಂಕ್ ಕೂಡಿಸಿದ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿದ. ಇನ್ನು ಸೌದೆ ಬೇಡವೆಂದು ಒಲೆ ಆರಿಸಿದ.

ಕೆಲವು ದಿನ ಕಳೆಯುವುದರೊಳಗೆ ಹಾಲು ಡೇರಿಯಿಂದ ವಾಪಸು ಬಂತು. ಹುಳಿ ವಾಸನೆ ಇದೆ ಎಂದರು. ಮರುದಿನವೂ ಹಾಗೆಯೇ ಆಯಿತು.

ರೈತ ಬಾಗಿಲ ಮರೆಯಲ್ಲಿ ನಿಂತು ನೀಲವ್ವನನ್ನು ನೋಡಿದ. ಅವಳು ಕ್ಯಾನುಗಳನ್ನು ಚೆನ್ನಾಗಿಯೇ ಉಜ್ಜುತ್ತಿದ್ದಳು. 'ನಾನು ನೋಡುತ್ತಿರುವುದು ಇವಳಿಗೆ ಗೊತ್ತಾಗಿದೆ' ಎಂದುಕೊಂಡ. ಅವಳು ತೊಳೆದಿಟ್ಟ ಕ್ಯಾನುಗಳನ್ನು ಆಮೇಲೆ ಮುಟ್ಟದಂತೆ ಕೋಣೆಯಲ್ಲಿಟ್ಟು ಬೀಗ ಹಾಕತೊಡಗಿದ.

ನೀಲವ್ವ ಬೀಗವನ್ನು ನೋಡಿದಳು. "ನನ್ನ ಮೇಲೆ ಏನಾದರೂ ಇದ್ದರೆ ಹೇಳಿಬಿಡಿ, ಗೌಡರೇ."

"ನಾನೇನೂ ಹೇಳಲಿಲ್ಲವಲ್ಲ" ಎಂದ ರೈತ.

"ಹೇಳಿದ್ದರೆ ಉತ್ತರ ಕೊಡುತ್ತಿದ್ದೆ" ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು.

ಅವಳು ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಕೆಲಸ ಹಿಡಿದಳು. ಅವರ ಹಾಲು ಒಂದು ದಿನವೂ ಕೆಡಲಿಲ್ಲ. 'ಅಲ್ಲಿ ಕೆಡುವುದಿಲ್ಲ ಎಂದರೆ ಇಲ್ಲಿ ಬೇಕೆಂದೇ ಕೆಡಿಸಿದ್ದಾಳೆ' ಎಂದು ರೈತ ತೀರ್ಮಾನಿಸಿದ. ಕಂಡವರಿಗೆಲ್ಲ ಹಾಗೆಯೇ ಹೇಳಿದ.

ಆಮೇಲೆ ತಾನೇ ಕೂತು ಕ್ಯಾನು ತೊಳೆದ. ಆಗಲೂ ಹಾಲು ಹುಳಿಯಿತು. 'ಹೋಗುವಾಗ ಏನೋ ಮಾಡಿಸಿಟ್ಟು ಹೋಗಿದ್ದಾಳೆ' ಎನಿಸಿತು. ಅಲ್ಲಿ ತೊಳೆಯುವ ನೀರಿಗೆ ಏನು ಬೆರೆಸುತ್ತಾಳೋ ನೋಡಿಯೇ ಬಿಡುತ್ತೇನೆಂದು ಪಕ್ಕದ ಮನೆಗೆ ನಡೆದ. ಅವಳ ಮುಂದಿದ್ದ ಬಕೆಟ್ಟಿನಲ್ಲಿ ಕೈ ಅದ್ದಿದ. ಅದು ಒಲೆಯಿಂದ ಆಗತಾನೇ ಇಳಿಸಿದ ನೀರು. ಕೈ ಸುಟ್ಟಿತು. ನೀಲವ್ವ ಅವನ ಕೈ ಮೇಲೆ ತಣ್ಣೀರು ಸುರಿದಳು.

ರೈತ ಮನೆಗೆ ಬಂದು ಇನ್ನೊಂದು ಕೈಯನ್ನು ತನ್ನ ಟ್ಯಾಂಕಿನ ನೀರಿನಲ್ಲಿಟ್ಟ. ಎಷ್ಟು ಹೊತ್ತು ಬೇಕಾದರೂ ಇಡಬಹುದಾಗಿತ್ತು. ಕ್ಯಾನಿನ ಒಳಗೆ ಬೆರಳಾಡಿಸಿದ. ಹಾಲಿನ ಜಿಡ್ಡು ಬೆರಳಿಗೆ ಹತ್ತಿತು. ಟ್ಯಾಂಕಿನ ನೀರು ಬೆಚ್ಚಗಾಗುತ್ತಿತ್ತು, ಕಾಯುತ್ತಿರಲಿಲ್ಲ.

ಅವನು ಆ ನೀರನ್ನು ಹಂಡೆಗೆ ತುಂಬಿ ಒಲೆ ಹೊತ್ತಿಸಿದ. ಮೊದಲೇ ಬೆಚ್ಚಗಿದ್ದುದರಿಂದ ನಾಲ್ಕು ಕಟ್ಟಿಗೆಗೇ ಕುದಿ ಬಂತು. ಅಂದಿನಿಂದ ಹಾಲು ಕೆಡಲಿಲ್ಲ. ನೀಲವ್ವನ ಬಳಿ ಹೋಗಿ ತಪ್ಪಾಯಿತೆಂದು ಕೇಳಿಕೊಂಡ. ಅವಳು ಆಗಲಿ ಎಂದಳು, ಆದರೆ ಮತ್ತೆ ಅವನ ಕೊಟ್ಟಿಗೆಯ ಕೆಲಸಕ್ಕೆ ಬರಲಿಲ್ಲ. ಅವಳು ಮುಟ್ಟಿದ ಹಾಲು ಕೆಡುತ್ತದೆ ಎಂದು ಆ ಊರಿನಲ್ಲಿ ಕೆಲವರು ಈಗಲೂ ನಂಬಿದ್ದಾರೆ.

ಶಿಷ್ಯ ಕೇಳಿದ: "ಅವನು ಎಲ್ಲವನ್ನೂ ಪರೀಕ್ಷಿಸಿಯೇ ನೋಡಿದನಲ್ಲ, ಗುರುಗಳೇ?"

"ಅನುಮಾನ ಬಂದದ್ದನ್ನೆಲ್ಲ ಪರೀಕ್ಷಿಸಿದ, ಹೆಮ್ಮೆಪಟ್ಟದ್ದನ್ನು ಕೈ ಸುಡುವವರೆಗೂ ಪರೀಕ್ಷಿಸಲಿಲ್ಲ" ಎಂದರು ಗುರುಗಳು.