ತಂಪು ಮಾಡುವವನ ಲೈಸೆನ್ಸ್

"ಕೆಲಸ ಬಲ್ಲವನಿಗೂ ಅಪ್ಪಣೆ ಯಾಕೆ ಬೇಕು, ಬುದ್ಧಿ?"

ಕೇಳಿದವನು ನಂಜೇದೇವ. ಮಠಕ್ಕೆ ಸೇರಿದಾಗ ಅವನಿಗೆ ಮೀಸೆ ಮೂಡಿರಲಿಲ್ಲ, ಈಗ ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕೂದಲು. ಓದಬೇಕಾದದ್ದನ್ನೆಲ್ಲ ಓದಿದ್ದ. ಹೊಳೆಯಾಚೆಯ ಊರಿನವರು ಒಂದು ಶಾಖಾಮಠ ಕಟ್ಟಿಸಿ, ಸುಣ್ಣ ಬಳಿಸಿ, ನಂಜೇದೇವರನ್ನೇ ಕಳಿಸಿಕೊಡಿ ಎಂದು ಕೈಮುಗಿದು ಹೋಗಿದ್ದರು. ಅಲ್ಲಿ ಕೂತು ಜನರಿಗೆ ಉಪದೇಶ ಮಾಡಬೇಕಾದರೆ ಗುರುವಿನ ಅಪ್ಪಣೆ ಬೇಕು. ಗುರುಗಳು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

ಗುರುಗಳು ಎಲೆಗೆ ಸುಣ್ಣ ಸವರುತ್ತಿದ್ದರು. ಸವರುವುದನ್ನು ಮುಗಿಸಿ, ಮಡಚಿ, ಬಾಯಿಗಿಟ್ಟುಕೊಂಡು, ಅದು ಹದಕ್ಕೆ ಬರುವ ತನಕ ಅಗಿದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಪಕ್ಕದ ರಾಜ್ಯದಲ್ಲಿ ನಡೆದದ್ದು."

"ಯಾವ ಪಕ್ಕ, ಬುದ್ಧಿ?"

"ಹೋದ ಸಲ ಹೇಳಿದಾಗ ತೆಂಕಲು ಎಂದಿದ್ದೆ. ಈ ಸಲ ಬಡಗಲು ಇರಲಿ."

ಹೀಗೆ ಹೇಳಿ ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಎಸಿ ಮೆಕ್ಯಾನಿಕ್ ಇದ್ದ. ಬೆಂದು ಹೋದ ಕೋಣೆಯನ್ನು ತಣ್ಣಗೆ ಮಾಡುವುದು ಅವನ ಕೆಲಸ. ಕೈ ಎಂದರೆ ಅವನದು ಕೈ. ಯಂತ್ರದ ತಾಮ್ರದ ಪೈಪನ್ನು ಎರಡು ಬೆರಳಿನಿಂದ ಮುಟ್ಟಿದನೆಂದರೆ ಸಾಕು, ಒಳಗೆ ಗ್ಯಾಸ್ ಎಷ್ಟಿದೆ, ಎಷ್ಟು ಹೋಗಿದೆ ಎಂದು ಹೇಳಿಬಿಡುತ್ತಿದ್ದ. ಉಳಿದವರು ಮೀಟರು ಸಿಕ್ಕಿಸಿ, ಕಣ್ಣು ಕಿರಿದು ಮಾಡಿ ನೋಡುವುದರೊಳಗೆ ಇವನು ಗ್ಯಾಸ್ ತುಂಬಿ ಕೈ ಒರೆಸಿಕೊಳ್ಳುತ್ತಿದ್ದ.

ಆ ರಾಜ್ಯದಲ್ಲಿ ಒಂದು ಕಾನೂನು. ಸರ್ಕಾರದ ಲೈಸೆನ್ಸ್ ಇಲ್ಲದವನು ಈ ಕೆಲಸವನ್ನು ಸ್ವಂತಕ್ಕೆ ಗುತ್ತಿಗೆ ಹಿಡಿಯುವಂತಿಲ್ಲ. ಲೈಸೆನ್ಸ್ ಇದ್ದವನ ಕೈಕೆಳಗೆ ಎಷ್ಟು ಕಾಲ ಬೇಕಾದರೂ ದುಡಿಯಬಹುದು, ತನ್ನ ಹೆಸರಿನ ಬೋರ್ಡು ಮಾತ್ರ ಹಾಕಕೂಡದು. ಮೆಕ್ಯಾನಿಕ್ ಒಬ್ಬ ಕಂಟ್ರಾಕ್ಟರನ ಕೈಕೆಳಗಿದ್ದ. ಕಂಟ್ರಾಕ್ಟರ್ ತನ್ನ ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ, ಅದರ ಕೆಳಗೆ ಫ್ಯಾನ್ ಹಚ್ಚಿಕೊಂಡು ಕೂತಿರುತ್ತಿದ್ದ. ಬಿಸಿಲಿನಲ್ಲಿ ಟೆರೇಸು ಹತ್ತುವವನು ಇವನು. ಊರಿನವರು ಹೊಗಳುವುದು ಆ ಕಂಪನಿಯನ್ನು.

ಮೆಕ್ಯಾನಿಕ್ಕಿಗೆ ಇದ್ದದ್ದು ಒಂದೇ ಆಸೆ. ತನ್ನ ಹೆಸರಿನದೊಂದು ಬೋರ್ಡು. ಆಸೆ ತಡೆಯಲಾರದೆ ಬೋರ್ಡನ್ನು ಮೊದಲೇ ಬರೆಸಿ, ಹಳೇ ಬೆಡ್‌ಶೀಟು ಸುತ್ತಿ, ಮಂಚದ ಕೆಳಗೆ ತಳ್ಳಿದ್ದ. ಕಸ ಗುಡಿಸುವಾಗಲೆಲ್ಲ ಹೆಂಡತಿ ಕೇಳುತ್ತಿದ್ದಳು: "ಇದಕ್ಕೆ ಮೋಕ್ಷ ಯಾವಾಗ? ಜಿರಲೆಗಳು ಓದಿ ಓದಿ ನಿಮ್ಮ ಹೆಸರನ್ನ ಬಾಯಿಪಾಠ ಮಾಡಿಬಿಟ್ಟಿವೆ."

ಕೊನೆಗೆ ಅವನು ಅರ್ಜಿ ಹಾಕಿದ. ಕಂಟ್ರಾಕ್ಟರ್ ಇವನ ಅನುಭವಕ್ಕೆ ಸಹಿ ಹಾಕಬೇಕಿತ್ತು. ಗೊಣಗಿಕೊಂಡು ಹಾಕಿದ. "ನಪಾಸಾದರೆ ಇಲ್ಲಿಗೇ ಬಾರಪ್ಪ, ನಿನ್ನ ಸ್ಟೂಲು ಬೇರೆ ಯಾರಿಗೂ ಕೊಡಲ್ಲ" ಎಂದು ಆಶೀರ್ವಾದವನ್ನೂ ಮಾಡಿದ. ಬರವಣಿಗೆಯ ಪರೀಕ್ಷೆಯಲ್ಲಿ ಮೆಕ್ಯಾನಿಕ್ ಹೇಗೋ ಪಾರಾದ. ಉಳಿದದ್ದು ಕೈಕೆಲಸದ ಪರೀಕ್ಷೆ.

ಪರೀಕ್ಷಾಧಿಕಾರಿ ಒಬ್ಬ ಹೆಂಗಸು. ತಲೆ ಬಗ್ಗಿಸಿ ಬರೆಯುತ್ತಲೇ ಕೇಳಿದಳು: "ನಿಮ್ಮ ಕೆಲಸ ಎಂಥದು ಅಂತ ಯಾರನ್ನ ಕೇಳಬೇಕು?"

"ನಮ್ಮೂರಿನ ಜವಳಿ ವ್ಯಾಪಾರಿಯನ್ನ ಕೇಳಿ ಮೇಡಂ. ಅವರ ಅಂಗಡಿಗೆ ಎಸಿ ಕೂಡಿಸಿದವನು ನಾನೇ. ಇವತ್ತಿನವರೆಗೆ ಬೇರೆಯವರ ಕೈ ಸೋಕಿಲ್ಲ ಅದಕ್ಕೆ."

"ಸರಿ. ಅದು ಕೆಟ್ಟಾಗ ತಿಳಿಸಿ. ಪರೀಕ್ಷೆ ಅಲ್ಲೇ ಆಗಲಿ."

"ತಿಳಿಸೋದೇನು ಮೇಡಂ, ಯುಗಾದಿ ಕಳೆದ ಮುಂದಿನ ವಾರ ಬಂದುಬಿಡಿ."

ಅವಳು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಯಾವಾಗ ಕೆಡುತ್ತದೆ ಅಂತ ಅಷ್ಟು ಖಚಿತವಾಗಿ ಗೊತ್ತಾ ನಿಮಗೆ?"

"ಅನುಭವ ಅಂದ್ರೆ ಮತ್ತೇನು ಮೇಡಂ?" ಎಂದು ಮೆಕ್ಯಾನಿಕ್ ನಕ್ಕ. ಆ ಉತ್ತರಕ್ಕೇ ಅರ್ಧ ಲೈಸೆನ್ಸ್ ಬಂತು ಎಂದುಕೊಂಡು ಮನೆಗೆ ಹೋಗಿ ಬೋರ್ಡಿನ ಧೂಳು ಕೊಡವಿದ.

ಯುಗಾದಿ ಕಳೆಯಿತು. ಹೇಳಿದ ಹಾಗೆಯೇ ಯಂತ್ರ ಕೆಟ್ಟಿತು. ಅಂಗಡಿಯಲ್ಲಿ ಸೀರೆ ನೋಡಲು ಬಂದ ಹೆಂಗಸರು ಸೆರಗಿನಿಂದಲೇ ಗಾಳಿ ಹಾಕಿಕೊಳ್ಳುತ್ತ, ಆಮೇಲೆ ಬರುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಮೆಕ್ಯಾನಿಕ್ ಗ್ಯಾಸಿನ ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಬಂದ. ಹಿಂದೆಯೇ ಪರೀಕ್ಷಾಧಿಕಾರಿ ಬಂದಳು.

ವ್ಯಾಪಾರಿ ಗಾದಿಯಿಂದ ಎದ್ದು ಎದುರುಗೊಂಡ. "ಬನ್ನಿ ಮೇಸ್ತ್ರಿ, ಬನ್ನಿ. ನಿಮ್ಮ ಮಗು ಮತ್ತೆ ಹಟ ಹಿಡಿದಿದೆ ನೋಡಿ." ಬಂದವಳು ಯಾರು ಎಂದು ತಿಳಿದ ಮೇಲಂತೂ ಅವನ ಉತ್ಸಾಹ ಇಮ್ಮಡಿಯಾಯಿತು. ಮೇಸ್ತ್ರಿಗೆ ತನ್ನಿಂದ ಉಪಕಾರವಾಗುವುದಾದರೆ ಇವತ್ತೇ ಆಗಲಿ ಎಂದು ಎರಡು ಕುರ್ಚಿ ಹಾಕಿಸಿದ, ಕಾಫಿ ತರಿಸಿದ.

"ಅಮ್ಮಾ, ಇಂಥ ಮನುಷ್ಯ ಸಿಗೋದಿಲ್ಲ. ಫೋನ್ ಮಾಡಿದರೆ ಸಾಕು, ಊಟದ ತಟ್ಟೆ ಬಿಟ್ಟು ಬರ್ತಾರೆ. ಒಂದು ಬೇಸಿಗೆಯೂ ತಪ್ಪಿಸಿಲ್ಲ."

ಮೆಕ್ಯಾನಿಕ್ ನೆಲ ನೋಡುತ್ತ ನಾಚಿಕೊಂಡ.

"ಒಂದು ಬೇಸಿಗೆಯೂ?" ಎಂದಳು ಪರೀಕ್ಷಾಧಿಕಾರಿ.

"ಒಂದೂ ಇಲ್ಲ! ಮಿಷನ್ನು ತಂದಾಗಿನಿಂದ ವರ್ಷಾ ವರ್ಷಾ ಬಂದು ಗ್ಯಾಸ್ ತುಂಬಿ ಹೋಗ್ತಾರೆ. ಹೋದ ಬೇಸಿಗೆಯಲ್ಲಂತೂ ಎರಡು ಸಲ ಬಂದರು. ಬೇರೆಯವರಾಗಿದ್ರೆ ಮುಖ ಸಿಂಡರಿಸ್ತಿದ್ರು. ಇವರು ನಗುನಗುತ್ತಾ ಬಂದರು."

ಈ ಹೊಗಳಿಕೆಯನ್ನು ಮೆಕ್ಯಾನಿಕ್ ಎಷ್ಟೋ ಸಲ ಕೇಳಿದ್ದ. ಪಕ್ಕದಲ್ಲಿ ಕಸುಬು ತಿಳಿದ ಇನ್ನೊಬ್ಬರು ಕೂತು ಕೇಳುತ್ತಿರುವಾಗ ಅದು ಹೇಗಿರುತ್ತದೆಂದು ಇವತ್ತೇ ಗೊತ್ತಾದದ್ದು. ಅವನು ಕೆಮ್ಮಿದ. ವ್ಯಾಪಾರಿ ನಿಲ್ಲಿಸಲಿಲ್ಲ. ಮೆಕ್ಯಾನಿಕ್ ಮೆಲ್ಲಗೆ ಅವನ ಕಾಲು ತುಳಿದ.

"ಕಾಲು ಯಾಕೆ ತುಳೀತೀರಿ ಮೇಸ್ತ್ರಿ? ನೋಡಿ ಅಮ್ಮಾ, ಹೊಗಳಿದರೆ ಆಗೋದಿಲ್ಲ ಇವರಿಗೆ!"

"ಆ ಗ್ಯಾಸೆಲ್ಲ ಎಲ್ಲಿಗೆ ಹೋಗುತ್ತದೆ?" ಎಂದು ಪರೀಕ್ಷಾಧಿಕಾರಿ ಕೇಳಿದಳು. ಕೇಳಿದ್ದು ಮೆಕ್ಯಾನಿಕ್ಕನ್ನು. ಉತ್ತರ ಕೊಟ್ಟವನು ವ್ಯಾಪಾರಿ.

"ಖರ್ಚಾಗುತ್ತಲ್ಲ ಅಮ್ಮಾ, ಸ್ಕೂಟರಿಗೆ ಪೆಟ್ರೋಲ್ ಖರ್ಚಾಗೋ ಹಾಗೆ. ಮೇಸ್ತ್ರಿಯೇ ಹೇಳಿದ್ದಾರೆ."

ನಂಜೇದೇವ, ನಿನಗೆ ಇದು ಗೊತ್ತಿರಲಿ. ಎಸಿಯ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಬಿಗಿಯಾಗಿ ಮುಚ್ಚಿದ ಪೈಪಿನಲ್ಲಿ ಸುತ್ತು ಹಾಕಿಕೊಂಡಿರುತ್ತದೆ, ಅಷ್ಟೆ. ಕಡಿಮೆಯಾಯಿತು ಎಂದರೆ ಎಲ್ಲೋ ಒಂದು ತೂತು ಇದೆ ಎಂದೇ ಅರ್ಥ. ಇದು ಆ ಕಸುಬಿನವರಿಗೆಲ್ಲ ಗೊತ್ತು. ಆದರೆ ತೂತು ಹುಡುಕುವುದಕ್ಕೆ ಹೊತ್ತು ಬೇಕು, ಗ್ಯಾಸ್ ತುಂಬುವುದಕ್ಕೆ ಒಂದು ಕಾಫಿ ಆರುವಷ್ಟು ಹೊತ್ತು ಸಾಕು. ಕೋಣೆ ಆಗಲೇ ತಣ್ಣಗಾಗುತ್ತದೆ, ಯಜಮಾನ ಆಗಲೇ ಖುಷಿಯಾಗುತ್ತಾನೆ. ಮುಂದಿನ ವರ್ಷ ಅವನೇ ಮತ್ತೆ ಕರೆಯುತ್ತಾನೆ. ಮೆಕ್ಯಾನಿಕ್ ಮೋಸಗಾರನೇನಲ್ಲ. ಮೊದಲ ವರ್ಷ ಅವಸರವಿತ್ತು, ತುಂಬಿದ. ಎರಡನೆಯ ವರ್ಷ ಅಭ್ಯಾಸವಾಯಿತು. ಆಮೇಲೆ ಅದೇ ಅವನ ಕೀರ್ತಿಯಾಯಿತು. ಕರೆ ಬಂದಷ್ಟೂ ತಾನು ಬೇಕಾದವನು ಎಂದುಕೊಂಡ.

ಈಗ ಅವನು ಸಿಲಿಂಡರಿನ ಮೇಲೆ ಕೈಯಿಟ್ಟು ನಿಂತಿದ್ದ. ಇದನ್ನು ತಿರುಗಿಸಿದರೆ ಅಂಗಡಿ ತಣ್ಣಗಾಗುತ್ತದೆ, ವ್ಯಾಪಾರಿ ಚಪ್ಪಾಳೆ ತಟ್ಟುತ್ತಾನೆ. ತಿರುಗಿಸದಿದ್ದರೆ ಇಷ್ಟು ವರ್ಷ ಏನು ಮಾಡಿದೆ ಎಂಬ ಮಾತು ಏಳುತ್ತದೆ. ಪರೀಕ್ಷಾಧಿಕಾರಿಯ ಮುಖ ನೋಡಿದ. ಅವಳು ಒಂದು ಸೀರೆಯ ಅಂಚು ನೋಡುತ್ತಿದ್ದಳು.

"ಸ್ವಲ್ಪ ಸೋಪು, ಒಂದು ಚೊಂಬು ನೀರು ಕೊಡಿಸಿ" ಎಂದ ಮೆಕ್ಯಾನಿಕ್.

"ಸೋಪಾ? ಯಾವತ್ತೂ ಕೇಳಿದವರಲ್ಲ ನೀವು" ಎಂದ ವ್ಯಾಪಾರಿ. ತರಿಸಿಕೊಟ್ಟ.

ಮೆಕ್ಯಾನಿಕ್ ಪೈಪಿನೊಳಗೆ ಒತ್ತಡ ಏರಿಸಿ, ಪೈಪು ಕೂಡುವ ಕಡೆಗೆಲ್ಲ ನೊರೆ ಹಚ್ಚಿ ನೋಡುತ್ತಾ ಹೋದ. ಅಲ್ಲಿಲ್ಲ, ಇಲ್ಲಿಲ್ಲ. ಅವಸರದ ಕೈಗೆ ಅದು ಕಷ್ಟವಾಯಿತು. ನೊರೆಯನ್ನು ಅವಸರ ಮಾಡುವುದಕ್ಕೆ ಆಗುವುದಿಲ್ಲವಲ್ಲ. ಕಾಫಿ ಆರಿತು. ಗಿರಾಕಿಗಳು ಬಂದು, ಬೆವೆತು, ಹೋದರು. ಕಡೆಗೆ ಗೋಡೆಯ ಹಿಂದಿನ ಒಂದು ನಟ್ಟಿನ ಪಕ್ಕದಲ್ಲಿ ಒಂದು ಗುಳ್ಳೆ ಎದ್ದಿತು. ಸಾಸಿವೆಯಷ್ಟಿದ್ದದ್ದು ನಿಧಾನವಾಗಿ ಕಡಲೆಯಷ್ಟಾಗಿ ಒಡೆಯಿತು. ಇನ್ನೊಂದು ಎದ್ದಿತು.

ವ್ಯಾಪಾರಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. "ಏನಿದು?"

"ತೂತು."

"ಯಾವಾಗ ಬಿತ್ತು?"

ಇಲಿ ಕಡಿದಿರಬೇಕು ಎನ್ನಬಹುದಿತ್ತು. ಅಂಗಡಿಯಲ್ಲಿ ಇಲಿಗೆ ಬರವಿರಲಿಲ್ಲ. ಮೆಕ್ಯಾನಿಕ್ ಬಾಯಿ ತೆರೆದದ್ದೂ ಇಲಿಯ ಹೆಸರು ಹೇಳುವುದಕ್ಕೇ. ಅಷ್ಟರಲ್ಲಿ ಮೂರನೆಯ ಗುಳ್ಳೆ ಒಡೆಯಿತು.

"ನಾನು ಮಿಷನ್ನು ಕೂಡಿಸಿದ ದಿನವೇ. ನಟ್ಟಿಗೆ ಕೂಡಿಸೋದಕ್ಕೆ ಪೈಪಿನ ತುದಿ ಅರಳಿಸುವಾಗ ಅಂಚು ಸೀಳಿದೆ. ಅವತ್ತು ನೋಡಲಿಲ್ಲ. ಆಮೇಲೆ ಗೊತ್ತಿದ್ದೂ ನೋಡಲಿಲ್ಲ. ಗ್ಯಾಸ್ ಖರ್ಚಾಗುತ್ತೆ ಅಂದದ್ದೂ ಸುಳ್ಳೇ."

ವ್ಯಾಪಾರಿ ಬೈಯುತ್ತಾನೆ ಎಂದು ಅವನು ಕಾದ. ವ್ಯಾಪಾರಿ ಬೈಯಲಿಲ್ಲ. ಸಣ್ಣ ದನಿಯಲ್ಲಿ ಕೇಳಿದ: "ಹಾಗಾದರೆ ಇನ್ನು ಮೇಲೆ ನೀವು ಬರೋದಿಲ್ಲವಾ, ಮೇಸ್ತ್ರಿ?"

ಬೈದಿದ್ದರೇ ವಾಸಿಯಿತ್ತು.

ಮೆಕ್ಯಾನಿಕ್ ಸೀಳಿದ ತುದಿಯನ್ನು ಕತ್ತರಿಸಿ, ಹೊಸದಾಗಿ ಅರಳಿಸಿ, ಬಿಗಿ ಮಾಡಿ, ಮತ್ತೆ ನೊರೆ ಹಚ್ಚಿ ನೋಡಿದ. ಗುಳ್ಳೆ ಏಳಲಿಲ್ಲ. ಒಳಗಿನ ಗಾಳಿಯನ್ನೆಲ್ಲ ತೆಗೆದು, ಆಮೇಲೆ ಗ್ಯಾಸ್ ತುಂಬಿದ. ಅಂಗಡಿ ತಣ್ಣಗಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪರೀಕ್ಷಾಧಿಕಾರಿ ಎದ್ದು ನಿಂತಳು. "ಲೈಸೆನ್ಸ್ ಇವತ್ತು ಕೊಡೋದಿಲ್ಲ. ಈ ಬೇಸಿಗೆ ಕಳೆಯಲಿ. ಮಿಷನ್ನು ಕೆಟ್ಟಿದೆ ಅಂತ ಈ ಅಂಗಡಿಯಿಂದ ನಿಮಗೆ ಫೋನ್ ಬರದಿದ್ದರೆ, ಮಳೆ ಬಿದ್ದ ಮೇಲೆ ಕಚೇರಿಗೆ ಬನ್ನಿ."

ಹೀಗೆ ಆ ಬೇಸಿಗೆ ಶುರುವಾಯಿತು. ಫೋನ್ ಹೊಡೆದುಕೊಂಡರೆ ಹಿಗ್ಗುತ್ತಿದ್ದ ಮನುಷ್ಯ ಈಗ ಫೋನ್ ಕಂಡರೆ ಬೆಚ್ಚುತ್ತಿದ್ದ. ಕಂಟ್ರಾಕ್ಟರ್ ಬೇಕೆಂದೇ ಹಿಂದಿನಿಂದ ಬಂದು, "ಜವಳಿ ಅಂಗಡಿಯದಿರಬೇಕು ನೋಡಪ್ಪ" ಎನ್ನುತ್ತಿದ್ದ. ಬಿಸಿಲು ಏರಿತು. ತಾರು ರಸ್ತೆ ಚಪ್ಪಲಿಗೆ ಅಂಟತೊಡಗಿತು. ಊರೆಲ್ಲ ಅವನನ್ನು ಕರೆಯಿತು. ಹೋದ ಕಡೆಯಲ್ಲೆಲ್ಲ ಅವನು ಮೊದಲು ಸೋಪು ಕೇಳಿದನಂತೆ. ಅದು ನಿಜವೋ, ಹೇಳುತ್ತ ಹೇಳುತ್ತ ನಾನೇ ಸೇರಿಸಿದ್ದೋ, ಈಗ ನೆನಪಿಲ್ಲ.

ಬೇಸಿಗೆಯ ಕೊನೆಗೆ, ಮೋಡ ಕಟ್ಟಿದ ದಿನವೇ, ಜವಳಿ ಅಂಗಡಿಯ ಫೋನ್ ಬಂತು. ಮೆಕ್ಯಾನಿಕ್ಕಿಗೆ ಎತ್ತಲು ಕೈ ಬರಲಿಲ್ಲ. ಹೆಂಡತಿಯೇ ಎತ್ತಿ ಅವನ ಕಿವಿಗೆ ಹಿಡಿದಳು.

"ಮೇಸ್ತ್ರಿ" ಎಂದ ವ್ಯಾಪಾರಿ.

"ಕೆಟ್ಟಿತಾ?"

"ಕೆಟ್ಟಿಲ್ಲ ಮಾರಾಯ್ರೇ. ಒಳಗೆ ಶಾಲು ಹೊದ್ದು ಕೂತಿದ್ದೇನೆ. ನೀವು ಬರಲೇ ಇಲ್ಲವಲ್ಲ ಅಂತ ಫೋನ್ ಮಾಡಿದೆ. ಮಿಷನ್ನು ಕೆಡದಿದ್ದರೆ ಕಾಫಿಗೆ ಬರಬಾರದು ಅಂತ ಏನಾದರೂ ಕಾನೂನು ಇದೆಯಾ?"

ಮಳೆ ಬಿತ್ತು. ಮೆಕ್ಯಾನಿಕ್ ಕಚೇರಿಗೆ ಹೋದ. ಲೈಸೆನ್ಸ್ ಬಂತು.

ಗುರುಗಳು ಇಷ್ಟು ಹೇಳಿ ಎದ್ದು ಹೋಗಿ ಉಗುಳಿ ಬಂದರು.

ನಂಜೇದೇವ ಮನಸಾರೆ ನಕ್ಕ. ವ್ಯಾಪಾರಿಯ ಕಾಲು ತುಳಿದದ್ದನ್ನು ನೆನೆದು ಇನ್ನೊಮ್ಮೆ ನಕ್ಕ. ಆಮೇಲೆ ಹೇಳಿದ: "ಕತೆ ಚೆನ್ನಾಗಿದೆ, ಬುದ್ಧಿ. ಆದರೆ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾನೇನು ಸಿಲಿಂಡರ್ ಹೊತ್ತು ತಿರುಗುವವನೇ?"

ಅಷ್ಟರಲ್ಲಿ ಜಗುಲಿಯ ಮೇಲೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ನಂಜೇದೇವ ಕತ್ತು ಚಾಚಿ ನೋಡಿ, ಹೆಗಲ ವಸ್ತ್ರ ಸರಿಮಾಡಿಕೊಂಡು ಎದ್ದ.

"ಅಕ್ಕಿ ಗಿರಣಿಯ ಯಜಮಾನರು. ಒಡಹುಟ್ಟಿದ ತಮ್ಮನ ಜೊತೆ ಮಾತು ಬಿಟ್ಟಿದ್ದಾರೆ. ಅದೇ ಕೊರಗು, ನಿದ್ದೆ ಬರುವುದಿಲ್ಲ. ನನ್ನ ಎದುರು ಒಂದು ಗಳಿಗೆ ಕೂತು ನಾಲ್ಕು ಮಾತು ಕೇಳಿದರೆ ಹಗುರಾಗಿ ಹೋಗುತ್ತಾರೆ. ವರ್ಷಗಟ್ಟಲೆ ಆಯಿತು ಬುದ್ಧಿ, ಒಂದು ಸೋಮವಾರವೂ ತಪ್ಪಿಸಿಲ್ಲ."

ಗುರುಗಳು ಇನ್ನೊಂದು ಎಲೆ ತೆಗೆದುಕೊಂಡು ತೊಟ್ಟು ಮುರಿದರು.

"ಆ ತಮ್ಮನ ಮನೆಗೆ ನೀನು ಒಂದು ಸಲವಾದರೂ ಹೋಗಿದ್ದೀಯಾ, ನಂಜೇದೇವ?"