ಓರೆಗೆರೆಯ ಅಪಾಯ

ಒಂದು ಓರೆಗೆರೆಯಿಂದಾಗಿ ಹುಬ್ಬಳ್ಳಿಯ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಏಳು ಜನರ ಕೆಲಸ ಹೋಗುವುದರಲ್ಲಿತ್ತು.

03/04ರೊಳಗೆ ಕೆಲಸ ಮುಗಿಸಿ ಎಂದು ಷಿಕಾಗೋದ ಮುಖ್ಯ ಕಚೇರಿ ಫೆಬ್ರುವರಿಯಲ್ಲಿ ಬರೆದಿತ್ತು. ಅಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. ಅದು ಮಾರ್ಚ್ ನಾಲ್ಕು. ಹುಬ್ಬಳ್ಳಿಯವರು ಏಪ್ರಿಲ್ ಮೂರು ಎಂದು ಓದಿ ನೆಮ್ಮದಿಯಾಗಿದ್ದರು. ಮಾರ್ಚ್ ಐದರಂದು ಮುಖ್ಯಸ್ಥರು, ಗದಗ ಮೂಲದ ಹೊಂಬಾಳಿಯವರು, ಷಿಕಾಗೋದಿಂದ ಪರದೆಯ ಮೇಲೆ ಕಾಣಿಸಿಕೊಂಡರು.

"ಏಳೂ ಜನ ಮನೀಗೆ ಹೋಗ್ರಿ. ಆದೇಶ ಕಳಿಸೀನಿ."

ಆದೇಶದಲ್ಲಿದ್ದ ತಾರೀಖು 05/04. ತಂತ್ರಾಂಶದಲ್ಲಿ ತಪ್ಪು ಹುಡುಕುವ ಕೆಲಸದ ಶಿವಲೀಲಾ ಅದನ್ನು ಓದಿ ಕೇಳಿದರು.

"ಸರ, ನಾವು ಹೋಗೂದು ಏಪ್ರಿಲ್ ಐದಕ್ಕೋ, ಮೇ ನಾಕಕ್ಕೋ?"

"ಇಷ್ಟೂ ತಿಳಿಯೂದಿಲ್ಲೇನವಾ? ಸಣ್ಣ ಕೂಸಿಗೂ ಗೊತ್ತಾಗತೈತಿ!"

"ನಾವೂ ಹಂಗ ಅನ್ಕೊಂಡಿದ್ವಿರಿ, ಸರ. ಹೋದ ತಿಂಗಳ."

ಹೊಂಬಾಳಿಯವರು ತಮ್ಮದೇ ಆದೇಶವನ್ನು ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು. ಆಮೇಲೆ ಮೈಕು ಬಂದ್ ಮಾಡಿ ಪಕ್ಕದವರೊಡನೆ ಬಹಳ ಹೊತ್ತು ಮಾತಾಡಿದರು. ಅಷ್ಟು ಹೊತ್ತೂ ಏಳು ಜನ ಆ ತುಟಿಗಳನ್ನೇ ನೋಡುತ್ತ ಕೂತಿದ್ದರು.

ಆದೇಶ ವಾಪಸಾಯಿತು. ಆ ಕಂಪನಿಯಲ್ಲಿ ಈಗ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುತ್ತಾರೆ.