ಜರಿ ಹೆಸರಿನ ಶಾಲು

ಬಿಳಿಗಲ್ಲು ಮಠದ ಪೂಜ್ಯ ಬಸಲಿಂಗವ್ವತಾಯಿಯವರ ಪಾದಗಳಿಗೆ ತಲೆಯಿಟ್ಟು ಈ ಮಾತು ಹೇಳುತ್ತೇನೆ. ತಾಯಿಯವರಿಗೆ ಪೀಠವಿರಲಿಲ್ಲ. ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತ ಕೂಡುತ್ತಿದ್ದರು. ದರ್ಶನವೂ ಅಲ್ಲೇ, ಉಪದೇಶವೂ ಅಲ್ಲೇ. ಆ ಮಠದಲ್ಲಿ ಕಸದ ಬುಟ್ಟಿಯೇ ಇರಲಿಲ್ಲ. ನೀವು ನಂಬಲಿಕ್ಕಿಲ್ಲ; ನಾನೂ ನಂಬದೆ ಹುಡುಕಿ ನೋಡಿದವನೇ. ಹಾರದ ಹೂವು ಗೊಬ್ಬರದ ಗುಂಡಿಗೆ, ಹಾರದ ದಾರ ಅವರೆ ಬಳ್ಳಿ ಕಟ್ಟಲು, ಅಕ್ಕಿ ತೊಳೆದ ನೀರು ಎಮ್ಮೆಗೆ. ಲಗ್ನಪತ್ರಿಕೆಗಳ ಬಿಳಿಯ ಬೆನ್ನಿನ ಮೇಲೆ ಮಠದ ಚೀಟಿಗಳು. ಭಕ್ತರು ಹೊದಿಸಿದ ಶಾಲುಗಳೆಲ್ಲ ಕೌದಿಗೆ.

ಶಾಲಿನ ಮಾತು ಬಂದಮೇಲೆ ನನ್ನ ಮಾತು ಬರಲೇಬೇಕು. ನಾನು ಗುರುಪಾದಪ್ಪ ಹಾವರಗಿ, ಊರಿನ ಸನ್ಮಾನ ಸಮಿತಿಯ ಅಧ್ಯಕ್ಷ. ಸುತ್ತ ಮೂರು ಹೋಬಳಿಯಲ್ಲಿ ನಾನು ಶಾಲು ಹೊದಿಸದ ಹೆಗಲಿರಲಿಲ್ಲ. ಒಮ್ಮೆ ಅತಿಥಿಗಳು ಬಾರದೆ ಹೋದಾಗ ಮೈಕಿನ ಕಂಬಕ್ಕೇ ಹೊದಿಸಿದೆ. ಕಂಬ ಗದ್ಗದಿತವಾಗಿ ಎರಡು ಮಾತಾಡಿತೆಂದು ಜನ ಇಂದಿಗೂ ಹೇಳುತ್ತಾರೆ. ಜನ ಎಂದರೆ ಮುಖ್ಯವಾಗಿ ನಾನು. ನನಗೇ ಬಂದ ಶಾಲುಗಳೋ, ಬೀರುವಿನ ಬಾಗಿಲು ಮುಚ್ಚಬೇಕಾದರೆ ಇಬ್ಬರು ಮೊಣಕಾಲು ಕೊಡಬೇಕಿತ್ತು. ಒಂದನ್ನೂ ಹೊದ್ದವನಲ್ಲ.

ಆ ಬೀರುವಿನಿಂದ ನನ್ನ ಅಕ್ಕ ಕಲ್ಲವ್ವ ಒಂದು ಶಾಲು ತೆಗೆದಳು. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಓಣಿಯ ಬಾಣಂತಿಯೊಬ್ಬಳ ಕೂಸಿಗೆ ಸುತ್ತಲು ಅರಿವೆಯಿರಲಿಲ್ಲವೆಂದು ಶಾಲನ್ನು ನಟ್ಟನಡುವೆ ಕತ್ತರಿಸಿ, ಅರ್ಧ ಕೊಟ್ಟು, ಅರ್ಧ ಮಡಚಿಟ್ಟಿದ್ದಳು.

"ಊರ ಮಂದಿ ಕೊಟ್ಟ ಮರ್ಯಾದಿನ ಕೂಸಿನ ಉಚ್ಚಿ ಅರಿವಿ ಮಾಡಿದ್ಯಲ್ಲ!" ಎಂದು ಕೂಗಾಡಿದೆ.

"ಹಂಗ ಇಟ್ರ ನುಸಿ ತಿಂತಾವೋ ಗುರಪಾದ. ಕೂಸಿಗೆ ಥಂಡಿ ಹತ್ತಿತ್ತು."

"ಹಂಗಾದ್ರ ಆ ಕೂಸಿನ ಮನ್ಯಾಗ ಇರ್ಹೋಗು."

ಹೋದಳು. ಎಲ್ಲಿಗೆಂದು ನಾನು ಕೇಳಲಿಲ್ಲ. ಆರು ವರ್ಷ ಕೇಳಲಿಲ್ಲ.

ಮುಂದೆ ನಾನು ನಡೆಸಿದ ನೂರನೆಯ ಸನ್ಮಾನಕ್ಕೆ ತಾಯಿಯವರನ್ನೇ ಬಿನ್ನವಿಸಿಕೊಂಡೆ. ಅವರು ಬಂದದ್ದು ನಮ್ಮ ಪುಣ್ಯ. ಅವರಿಗೆಂದೇ ಶಾಲು ಮಾಡಿಸಿದ್ದೆ. ಮೂಲೆಯಲ್ಲಿ ಜರಿ ದಾರದ ಹೆಸರು. ಯಾರ ಹೆಸರು? ನನ್ನದೇ. ಆ ಶಾಲು ಮಠದಲ್ಲಿ ಗಾಜಿನ ಕಪಾಟಿನೊಳಗೆ ಇರಬೇಕು, ಬಂದ ಭಕ್ತರೆಲ್ಲ ಓದಬೇಕು ಎಂಬುದೇ ನನ್ನ ಆಸೆ. ಐದು ತಿಂಗಳ ಮೇಲೆ, ಪುಷ್ಯದ ಚಳಿಯಲ್ಲಿ, ಅದನ್ನು ಕಣ್ತುಂಬ ನೋಡಲೆಂದು ಹೋದೆ. ಕಪಾಟೇ ಇರಲಿಲ್ಲ.

"ತಾಯಿ, ನನ್ನ ಶಾಲು ಕಾಣವಲ್ದು."

ತಾಯಿಯವರು ದಾರವನ್ನು ಹಲ್ಲಿನಿಂದ ಕಡಿದರು. "ಕೆಲಸಕ್ಕ ಹೋಗೇತಪಾ."

"ಅಂಥಾ ಶಾಲಿಗೆ ಎಂಥಾ ಕೆಲಸ ತಾಯಿ? ಕತ್ತರಿಸಿದ್ರೇನು ಮತ್ತ?"

ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಎದ್ದರು. ಕೊಟ್ಟಿಗೆಯ ಪಕ್ಕದಲ್ಲಿ, ದಿಕ್ಕಿಲ್ಲದ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಕೋಣೆಗೆ ನನ್ನನ್ನು ಕರೆದೊಯ್ದರು. ಚಾಪೆಯ ಮೇಲೆ ಯಾರೋ ಮಲಗಿದ್ದರು. ಹೊದ್ದ ಕೌದಿಯ ತಲೆಯ ಕಡೆಗೆ ಜರಿ ಹೊಳೆಯುತ್ತಿತ್ತು. ಗುರುಪಾದಪ್ಪ ಹಾವರಗಿ! ಹೇಳಲು ನಾಚಿಕೆಯಾಗುತ್ತದೆ, ಮೊದಲು ಹೆಸರು ಓದಿ ಹಿಗ್ಗಿದೆ. ಆಮೇಲೆ ಅದರ ಮೇಲಿನ ಮುಖ ನೋಡಿದೆ. ಕಲ್ಲವ್ವ. ಎಲುಬಿನ ಮೇಲೆ ಬರೀ ತೊಗಲು.

"ಈ ಕೌದಿ ಹೊಲಿದಾಕಿನೂ ಆಕಿನ," ಎಂದರು ತಾಯಿಯವರು. "ಅಕ್ಷರ ಬರಂಗಿಲ್ಲ. ಜರಿ ಗಲ್ಲಕ್ಕ ಚುಚ್ಚತೈತಿ, ಕಾಲ್ಕಡೆ ಹಾಕವಾ ಅಂದೆ. ಛಂದ ಐತಿ, ಇರ್ಲಿ ಅಂದ್ಲು." ಕೌದಿಯ ಅಂಚು ಸರಿಮಾಡುತ್ತ, "ತಮ್ಮ ಅದಾನ ಅಂತ ಹೇಳ್ತಿದ್ಲು. ನೀ ಶಾಲು ಹುಡಿಕ್ಯಾಡ್ಕೊಂತ ಬಂದಿ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಗೆಲ್ಲುತ್ತಿದ್ದೆ, ಮಾತಿನಲ್ಲಿ ನಾನು ಯಾರಿಗೂ ಸೋತವನಲ್ಲ.

ಅಕ್ಕ ಕಣ್ಣು ತೆರೆದಳು. ನನ್ನ ಬರಿ ತಲೆ ನೋಡಿ, "ಇಷ್ಟು ಥಂಡ್ಯಾಗ ಬಂದೀಯಲ್ಲೋ ಗುರಪಾದ, ತಲಿಗೆ ಏನರ ಕಟಗೊಳ್ಳಾರ್ದ?" ಎಂದಳು.

ಒಂಬತ್ತು ದಿನ ಇದ್ದಳು. ಗಂಜಿ ಕುಡಿಸಿದೆ, ಬೆನ್ನು ಒತ್ತಿದೆ. ಆರು ವರ್ಷದ ಕೆಲಸ ಒಂಬತ್ತು ದಿನದಲ್ಲಿ ಹಿಡಿಸಲಿಲ್ಲ. ಮಣ್ಣು ಮಾಡಿ ಬಂದು ತಾಯಿಯವರ ಮುಂದೆ ಕುಳಿತೆ.

"ಆ ಕೌದಿ ನನಗ ಕೊಡ್ರಿ ತಾಯಿ. ಆಕಿ ನೆನಪಿಗೆ ಬೀರಿನ್ಯಾಗ ಜ್ವಾಕಿ ಮಾಡ್ತೀನಿ."

"ನಿನಗ ಥಂಡಿ ಹತ್ತೇತೇನಪಾ?"

ನೂರು ಸಭೆಗಳಲ್ಲಿ ಮೈಕು ಬಿಡದ ಬಾಯಿ ಇದು. ಅಂದು ಕೌದಿ ಒಗೆಯಲು ಒಲೆಗೆ ನೀರಿಟ್ಟೆ. ತಾಯಿಯವರು ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಒಗೆದು, ಎರಡು ದಿನ ಬಿಸಿಲಿಗೆ ಹಾಕಿ, ಕಬ್ಬು ಕಡಿಯಲು ಬಂದ ಗ್ಯಾಂಗಿನ ಬಾಣಂತಿಗೆ ಕೊಟ್ಟರು. ಹೊತ್ತು ಒಯ್ದವನು ನಾನು.

ಮರುವಾರ ಬೀರುವನ್ನೇ ಬರಿದು ಮಾಡಿ ಮಠಕ್ಕೆ ತಂದೆ. ಸಮಿತಿ ಬಿಟ್ಟೆ, ಸೂಜಿ ಹಿಡಿದೆ. ಈಗ ಸಭೆ ಮುಗಿಯುವಾಗ ಬಾಗಿಲಲ್ಲಿ ನಿಂತು ಶಾಲು ಬೇಡುತ್ತೇನೆ. "ಕಾಕಾ ಬಂದಾನ, ಶಾಲು ಗಟ್ಟಿ ಹಿಡ್ಕೋರಿ!" ಎಂದು ನಗುತ್ತಾರೆ. "ಹಿಡ್ಕೋರಿ, ನುಸಿಗೂ ಊಟ ಆಗಬೇಕಲ್ಲ" ಎನ್ನುತ್ತೇನೆ. ಕೆಲವರು ಕೊಡುತ್ತಾರೆ. ಸೊಟ್ಟ ಹೊಲಿಗೆಯಲ್ಲಿ ಮೂರು ಹೋಬಳಿಗೆ ನಾನೇ ಮೊದಲಿಗ. ಇದು ಮಾತ್ರ ಸುಳ್ಳಲ್ಲ.

ಮೂರನೆಯ ಚಳಿಗಾಲಕ್ಕೆ ಆ ಕೌದಿ ತಲೆಯ ಕಡೆ ಹರಿದು ಮಠಕ್ಕೆ ಮರಳಿತು. ಜರಿ ಎದ್ದು ಹೊದ್ದವರ ಗಲ್ಲ ಗೀರುತ್ತಿತ್ತಂತೆ. ಮನೆಗೆ ಹೋಗಿ ಬೀರುವಿನ ತಳ ತಡಕಿದೆ. ಅಕ್ಕ ಕತ್ತರಿಸಿ ಮಡಚಿಟ್ಟಿದ್ದ ಆ ಅರ್ಧ ಶಾಲು, ಅದೊಂದನ್ನು ಕೊಡಲು ಮನಸ್ಸಾಗದೆ ಉಳಿಸಿಕೊಂಡಿದ್ದೆ. ಬಿಚ್ಚಿದರೆ ಜಾಳಿಗೆ. ಅವಳು ಹೇಳಿದಂತೆಯೇ ನುಸಿ ತಿಂದಿತ್ತು. ಒಂದು ಗೇಣು ಗಟ್ಟಿ ಬಟ್ಟೆ ಸಿಕ್ಕಿತು. ಅದನ್ನೇ ನನ್ನ ಹೆಸರಿನ ಮೇಲಿಟ್ಟು ನಾಲ್ಕೂ ಕಡೆ ಹೊಲಿದು ಮುಚ್ಚಿದೆ.

ತಾಯಿಯವರು ತೇಪೆಯ ಮೇಲೆ ಬೆರಳಾಡಿಸಿ, ಆಮೇಲೆ ಗಲ್ಲಕ್ಕೆ ಒತ್ತಿ ನೋಡಿದರು.

"ಈಗ ಚುಚ್ಚಂಗಿಲ್ಲ," ಎಂದು ಮುಂದಿನ ತುಂಡು ನನ್ನ ಕೈಗಿಟ್ಟರು.